ಕೊಪ್ಪಳ–ಆನೆಗೊಂದಿ–ಹಂಪಿ: ನೆಂಟರನ್ನು ಯಾವ ಜಾತ್ರೆಗೆ ಕರೆಯೋಣ, ತಾರೀಖು ಹೇಗೆ ಹಿಡಿಯೋಣ?

ಪಾಲ್ಕಿಗುಂಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರು, ಶಿವಮೊಗ್ಗ ಕಡೆಯ ನೆಂಟರು ಎಂಟು ಜನ ಕೊಪ್ಪಳಕ್ಕೆ ಬರುವವರಿದ್ದಾರೆ. ಹಂಪಿ, ಆನೆಗೊಂದಿ ಹೇಗೂ ನೋಡುತ್ತಾರೆ. ಆದರೆ ಬರೀ ಕಲ್ಲು ನೋಡಿ ಹೋಗುವುದು ಬೇಡ, ಈ ಕಡೆಯ ಒಂದು ದೊಡ್ಡ ಜಾತ್ರೆಯೂ ಸಿಗಬೇಕು ಅನ್ನುವುದು ಅವರ ಆಸೆ. ಗುಂಪಿನಲ್ಲಿ ಎಪ್ಪತ್ತು ದಾಟಿದವರು ಇಬ್ಬರು, ಶಾಲೆಗೆ ಹೋಗುವ ಮಕ್ಕಳು ಇಬ್ಬರು. ಒಟ್ಟು ಮೂರು ದಿನ.

ಕೊಪ್ಪಳದ ಗವಿಮಠದ ತೇರು ಒಂದು ವರ್ಷ ಜನವರಿ ಮೊದಲ ವಾರ ಬರುತ್ತೆ, ಮತ್ತೊಂದು ವರ್ಷ ಕೊನೆ ವಾರ. 2027ರದ್ದು ಯಾವಾಗ ಅಂತ ಈಗಲೇ ಅಂದಾಜು ಮಾಡಬಹುದಾ? ಜಾತ್ರೆ ದಿನವೇ ವಯಸ್ಸಾದವರನ್ನು ಕರೆದುಕೊಂಡು ಹೋಗೋದು ಸರಿಯಾ? ಜನವರಿ ಆಗದೇ ಹೋದರೆ ಬೇರೆ ಯಾವ ತಿಂಗಳು? ಹಂಪಿ ಉತ್ಸವದ ಜೊತೆ ಜೋಡಿಸಿದರೆ ಹೇಗೆ?

ಗವಿಗುಡ್ಡದ ಕೆಳಗೆ ಉತ್ತರ:

ಮೊದಲು ಒಂದು ಮಾತು. ನಮ್ಮ ಕಡೆ ಜಾತ್ರೆಗೆ ತಾರೀಖು ಇಲ್ಲ, ತಿಥಿ ಇದೆ. ಹಿಂದಿನ ವರ್ಷದ ತಾರೀಖು ನೋಡಿ ರಜೆ ಹಾಕುವವರು ತೇರು ಎಳೆದು ಹತ್ತು ದಿನ ಆದ ಮೇಲೆ ಬಂದು ನಿಲ್ಲುತ್ತಾರೆ.

ಗವಿಮಠದ ಗವಿಸಿದ್ಧೇಶ್ವರ ಮಹಾರಥೋತ್ಸವ ಪುಷ್ಯ ಬಹುಳ ಬಿದಿಗೆಗೆ, ಅಂದರೆ ಪುಷ್ಯ ಹುಣ್ಣಿಮೆ ಆಗಿ ಎರಡನೇ ದಿನ. 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ಚಾಂದ್ರಮಾನ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಪ್ರತಿ ಸಲ ಹಿಂದಕ್ಕೆ ಸರಿಯುತ್ತಾ ಬರುತ್ತೆ. ಅಧಿಕ ಮಾಸ ಬಿದ್ದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಅದಕ್ಕೇ 2024ರ ತೇರು ತಿಂಗಳ ಕೊನೆಗೆ ಹೋಯಿತು. 2026ಕ್ಕೆ ಅಧಿಕ ಜ್ಯೇಷ್ಠ, ಆದ್ದರಿಂದ 2027ರದ್ದೂ ಜನವರಿ ಕೊನೆ ಭಾಗಕ್ಕೆ ಹೋಗುತ್ತೆ. ಲೆಕ್ಕ ಹಾಕಿದರೆ 24ರ ಆಸುಪಾಸು. ರೈಲು ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯೋದು, ಅಷ್ಟರೊಳಗೆ ಹೊಸ ಗೋಡೆ ಕ್ಯಾಲೆಂಡರ್ ಕೈಗೆ ಬಂದಿರುತ್ತೆ. ಅದರಲ್ಲಿ ತಿಥಿ ನೋಡಿ, ಮಠದ ಪ್ರಕಟಣೆ ಜೊತೆ ತಾಳೆ ಹಾಕಿ, ಆಮೇಲೆ ಬುಕ್ ಮಾಡಿ.

ಈಗ ಎರಡನೇ ಪ್ರಶ್ನೆ. ಹೊರಗಿನವರು ಜಾತ್ರೆ ಅಂದರೆ ತೇರಿನ ದಿನ ಒಂದೇ ಅಂದುಕೊಳ್ಳುತ್ತಾರೆ. ಬಸವಪಟ (ಬಸವನ ಚಿತ್ರದ ಧ್ವಜ) ಏರಿಸುವುದರಿಂದ ಹಿಡಿದು ತೆಪ್ಪೋತ್ಸವ, ಹಿಂದಿನ ದಿನದ ಸಣ್ಣ ತೇರು, ಆಮೇಲೆ ಮಹಾರಥೋತ್ಸವ, ಅದಾದ ಮೇಲೆ ಕೈಲಾಸ ಮಂಟಪದ ವೇದಿಕೆಯಲ್ಲಿ ಗೋಷ್ಠಿ, ಸಂಗೀತ ಎಲ್ಲಾ ಇರುತ್ತೆ. ಮಹಾದಾಸೋಹ ಅಮಾವಾಸ್ಯೆ ತನಕ ನಡೆಯುತ್ತೆ. ಅಂದರೆ ತೇರಾದ ಮೇಲೂ ಹತ್ತು-ಹನ್ನೆರಡು ದಿನ ಸಿಗುತ್ತೆ.

ತೇರು ಸಂಜೆ ಹೊತ್ತಿಗೆ ಎಳೆಯುವುದು. ಮಧ್ಯಾಹ್ನ ಮೂರಕ್ಕೇ ಮಠದ ಮುಂದಿನ ಬಯಲು ತುಂಬಿರುತ್ತೆ, ಬೆಟ್ಟದ ಬಂಡೆಗಳ ಮೇಲೂ ಜನ. ಒಮ್ಮೆ ಒಳಗೆ ಸೇರಿದಿರಿ ಅಂದರೆ ತೇರು ಪಾದಗಟ್ಟೆ ಮುಟ್ಟಿ ತಿರುಗಿ ಬರುವ ತನಕ ಹೊರಗೆ ಬರೋಕಾಗಲ್ಲ. ಕೂರಲು ಜಾಗ ಇಲ್ಲ, ಶೌಚಕ್ಕೆ ಹೋಗಲು ದಾರಿ ಇಲ್ಲ, ಮೊಬೈಲ್ ನೆಟ್‌ವರ್ಕ್ ಸತ್ತಿರುತ್ತೆ. ಎಪ್ಪತ್ತು ದಾಟಿದವರಿಗೆ ಇದು ಬೇಡ. ತೇರಾದ ಮಾರನೇ ದಿನದಿಂದ ಕರೆದುಕೊಂಡು ಬನ್ನಿ. ಅಲಂಕಾರ ಮಾಡಿದ ತೇರು ಅಲ್ಲೇ ನಿಂತಿರುತ್ತೆ, ಗವಿಯ ದರ್ಶನ ಆಗುತ್ತೆ, ದಾಸೋಹದಲ್ಲಿ ನೆಮ್ಮದಿಯಾಗಿ ಕೂತು ಉಣ್ಣಬಹುದು.

ಗಟ್ಟಿ ಇರುವವರು ತೇರು ನೋಡಲೇಬೇಕು ಅಂದರೆ ಮೂರು ವಿಷಯ ನೆನಪಿರಲಿ. ಒಂದು, ಗಾಲಿಯ ಪಕ್ಕದಲ್ಲಿ ನಿಲ್ಲಬೇಡಿ. ತೇರಿಗೆ ಸ್ಟೇರಿಂಗ್ ಇಲ್ಲ, ಬ್ರೇಕೂ ಇಲ್ಲ. ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುವವರು ಗಾಲಿಗೆ ಸನ್ನೆ ಅನ್ನುವ ಮರದ ತುಂಡು ಕೊಟ್ಟಾಗಲೇ ಅದು ಓರೆಯಾಗುವುದು, ನಿಲ್ಲುವುದು. ಅವರಿಗೆ ಹಿಂದೆ ಹೆಜ್ಜೆ ಇಡಲು ಜಾಗ ಬೇಕು, ಅಲ್ಲಿ ನೀವು ನಿಂತರೆ ಅವರಿಗೂ ಅಪಾಯ, ನಿಮಗೂ ಅಪಾಯ. ಎರಡು, ಉತ್ತತ್ತಿ. ಭಕ್ತರು ಕಳಸಕ್ಕೆ ಗುರಿಯಿಟ್ಟು ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಬಾಳೆಹಣ್ಣು ಬಿದ್ದರೆ ಅಂಗಿ ಹೊಲಸಾಗುತ್ತೆ ಅಷ್ಟೆ. ಒಣಗಿದ ಉತ್ತತ್ತಿ ಮೇಲಿಂದ ಬಿದ್ದರೆ ಕಲ್ಲೇ. ಕನ್ನಡಕ ಹಾಕಿಕೊಂಡು ಮುಖ ಮೇಲೆತ್ತಿ ನಿಲ್ಲುವವರು ತಲೆಗೊಂದು ಟವೆಲ್ ಸುತ್ತಿಕೊಳ್ಳಲಿ. ಮೂರು, ಗುಂಪು ಚದುರಿದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಮಕ್ಕಳ ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಫೋನ್ ನಂಬರ್.

ಅಂದಹಾಗೆ, ನಿಮ್ಮ ಹೆಸರಿನ ಪಾಲ್ಕಿಗುಂಡಿನ ಮೇಲೂ ಗವಿಮಠದ ಬೆಟ್ಟದಲ್ಲೂ ಅಶೋಕನ ಶಾಸನ ಇವೆ. ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಮಠದ ಬೆಟ್ಟದ ಶಾಸನದ ಹತ್ತಿರ ಹೋಗುವವರು ಕೈಬೆರಳೆಣಿಕೆ. ನೆಂಟರಿಗೆ ಬೆಳಗ್ಗೆ ಏಳಕ್ಕೇ ತೋರಿಸಿ. ಬಿಸಿಲು ಓರೆಯಾಗಿ ಬೀಳುವಾಗಲೇ ಅಕ್ಷರ ಎದ್ದು ಕಾಣುವುದು, ನೆತ್ತಿ ಮೇಲೆ ಬಂದರೆ ಬರೀ ಬಂಡೆ.

ಪಾಲ್ಕಿಗುಂಡು:

ಬಹಳ ಉಪಕಾರವಾಯಿತು. ಇನ್ನೊಂದು: ನೆಂಟರಲ್ಲಿ ಹೆಣ್ಣುಮಕ್ಕಳು ದಾಸೋಹಕ್ಕೆ ಏನಾದರೂ ಮಾಡಿಕೊಂಡು ಬರುತ್ತೇವೆ ಅಂತಿದ್ದಾರೆ. ಏನು ತಂದರೆ ಸರಿ?

ಕಡಕ್ ರೊಟ್ಟಿ ಉತ್ತರ:

ಮೈಸೂರ ಕಡೆಯವರು ಅಲ್ಲಿಂದ ಅಡಿಗಿ ಮಾಡ್ಕೊಂಡು ಬರೋದು ಬ್ಯಾಡ್ರಿ. ಬಂದ ಮ್ಯಾಲೆ ನಿಮ್ಮ ಮನ್ಯಾಗ ಕುಂತು ಮಾಡ್ರಿ, ಅವರಿಗೂ ರೊಟ್ಟಿ ಬಡಿಯೋದು ನೋಡಿದಂಗಾಗ್ತದ. ಇಲ್ಲಾಂದ್ರ ಅಕ್ಕಿ, ಬ್ಯಾಳಿ, ಬೆಲ್ಲ ಕೊಟ್ರೂ ಆತು. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನ್ಯಾಗ ಬರೋದು ಮುಖ್ಯವಾಗಿ ಎರಡು, ಜೋಳದ ಕಡಕ್ ರೊಟ್ಟಿ ಮತ್ತ ಮಾದಲಿ. ಎರಡೂ ಕೆಡೂದಿಲ್ಲ, ಅದಕ್ಕ. ಮೆತ್ತನ್ನ ರೊಟ್ಟಿ ತಂದ್ರ ಮರುದಿನಕ್ಕ ಬೂಸರ ಹಿಡೀತದ, ಅಷ್ಟು ದೊಡ್ಡ ರೊಟ್ಟಿ ರಾಶಿಯೊಳಗ ಒಂದು ಕಟ್ಟು ಬೂಸರ ಬಂದ್ರ ಸುತ್ತಿನವೂ ಹೋದ್ವು.

ರೊಟ್ಟಿ: ಒಂದು ಕಿಲೋ ಬಿಳಿಜೋಳದ ಹಿಟ್ಟಿಗೆ ತೆಳ್ಳಗ ಬಡದ್ರ 15–18 ಆಗ್ತಾವು. ಹಿಟ್ಟು ಹೊಸದಾಗಿ ಬೀಸಿದ್ದೇ ಇರ್ಬೇಕು. ಹಳೇ ಹಿಟ್ಟಿಗೆ ಜಿಗಟು ಇರೂದಿಲ್ಲ, ಬಡಿಯೋವಾಗ ಅಂಚು ಸೀಳ್ತದ. ನೀರು ಕುದಿ ಬಂದಿರ್ಬೇಕು, ಹಿಟ್ಟಿನ ನಡುವ ಕುಣಿ ಮಾಡಿ ಸುರಿದು, ಕೈ ತಾಳುವಷ್ಟು ಆರಿದ ಮ್ಯಾಲೆ ನಾದಬೇಕು. ಹಂಚಿನ ಮ್ಯಾಲೆ ಹಾಕಿದ ಕೂಡಲೇ ಒದ್ದಿ ಬಟ್ಟಿಯಿಂದ ನೀರು ಸವರ್ರಿ, ನೀರು ಆರಿದ ಮ್ಯಾಲೆ ತಿರುವ್ರಿ. ಮಂದಿ ತಪ್ಪು ಮಾಡೋದು ಇದರ ಮುಂದ. ಉಬ್ಬಿತು ಅಂತ ತೆಗೆದು ಒಂದರ ಮ್ಯಾಲೊಂದು ಪೇರಿಸ್ತಾರ. ಒಳಗಿನ ಉಗಿ ಹೋಗೂದಿಲ್ಲ, ತಳದಾಗಿನವು ಮೆತ್ತಗಾಗ್ತಾವು. ಕಡಕ್ ಆಗ್ಬೇಕಂದ್ರ ಬೆಂದ ರೊಟ್ಟಿಯನ್ನ ಒಲಿಯ ಪಕ್ಕ, ಕೆಂಡದ ಕಾವಿಗೆ, ನಿಲ್ಲಿಸಿ ಒಣಗಿಸ್ಬೇಕು. ಗ್ಯಾಸ್ ಒಲಿ ಇದ್ರ ಹಂಚು ಸಣ್ಣ ಉರಿಯೊಳಗ ಇಟ್ಟು ಅರಿವಿಯಿಂದ ಒತ್ತಿ ಒತ್ತಿ ಎರಡೂ ಮಗ್ಗಲು ಕಾಯಿಸ್ರಿ. ಮುರಿದ್ರ ಪಟ್ ಅಂತ ಸಪ್ಪಳ ಬರ್ಬೇಕು. ಬಾಗಿದ್ರ ಇನ್ನೂ ಆಗಿಲ್ಲ. ಪೂರ್ತಿ ಆರಿದ ಮ್ಯಾಲೆ ಅರಿವ್ಯಾಗ ಕಟ್ರಿ, ಪ್ಲಾಸ್ಟಿಕ್ ಚೀಲ ಬ್ಯಾಡ.

ಮಾದಲಿ: ಒಂದು ಕಿಲೋ ಗೋಧಿಗೆ 100 ಗ್ರಾಂ ಕಡ್ಲಿಬ್ಯಾಳಿ, 100 ಗ್ರಾಂ ಅಕ್ಕಿ ಕೂಡಿಸಿ ತರಿತರಿಯಾಗಿ ಬೀಸಿಸ್ರಿ. ಗಟ್ಟಿಯಾಗಿ ಕಲಿಸಿ, ದಪ್ಪನ್ನ ರೊಟ್ಟಿ ತಟ್ಟಿ, ಸಣ್ಣ ಉರಿಗೆ ಒಳಗಿನ ತನಕ ಬೇಯಿಸ್ರಿ. ಮುರಿದು ಆರಿಸಿ, ಕುಟ್ಟಿ, ಸೋಸಿ, ಬೆಲ್ಲದ ಪುಡಿ ಮುಕ್ಕಾಲು ಕಿಲೋ, ಒಣಕೊಬ್ರಿ ತುರಿ, ಹುರಿದ ಗಸಗಸಿ, ಪುಟಾಣಿ, ಏಲಕ್ಕಿ. ಒಳಗ ಹಸಿ ಉಳಿದ್ರ ಎರಡು ದಿನದಾಗ ಹುಳಿ ವಾಸನಿ. ಬೆಲ್ಲ ನೀರೊಡೆದಿದ್ರ ಗಂಟು ಕಟ್ತದ, ಗಟ್ಟಿ ಅಚ್ಚು ಬೆಲ್ಲನೇ ಕೆತ್ತಿ ಹಾಕ್ರಿ. ತುಪ್ಪ, ಹಾಲು ಉಣ್ಣೋವಾಗ, ಮೊದಲ ಕಲಿಸಿದ್ರ ಉಳೀದಿಲ್ಲ.

ಇನ್ನ, ದಾಸೋಹದಾಗ ಮಿರ್ಚಿ ಭಜಿ ಮಾಡೋ ದಿನ ಅಂತ ಒಂದು ಇರ್ತದ, ತೇರಿನ ಮರುದಿನದ ಸುಮಾರು. ಲಕ್ಷಗಟ್ಟಲೆ ಕರೀತಾರ. ಮೈಸೂರ ಹೊಟ್ಟಿಗೆ ಖಾರ ಹೆಚ್ಚಾದೀತು, ಮೊಸರು ಹತ್ರ ಇಟ್ಕೊಳ್ರಿ 🙂

ಹರಿಗೋಲು ಉತ್ತರ:

ಜನವರಿ ಆಗದಿದ್ದರೆ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ನಿಮ್ಮ ಗುಂಪಿಗೆ ಫಾಲ್ಗುಣವೇ ವಾಸಿ. ಕಾರಣ ಹೊಳೆ.

ಆನೆಗೊಂದಿ ಮತ್ತು ಹಂಪಿ ನಡುವೆ ತುಂಗಭದ್ರೆ ಇದೆ, ಆ ಹೊಳೆಯ ನೀರು ಮೇಲಿನ ಮುನಿರಾಬಾದ್ ಡ್ಯಾಮಿನ 33 ಕ್ರೆಸ್ಟ್ ಗೇಟುಗಳ ಕೈಯಲ್ಲಿದೆ. ಜುಲೈಯಿಂದ ಸೆಪ್ಟೆಂಬರ್ ನಡುವೆ ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದರೆ ಗೇಟು ತೆಗೆಯುತ್ತಾರೆ. ಆಗ ಹಂಪಿಯ ಪುರಂದರ ಮಂಟಪ ಮುಳುಗುತ್ತೆ, ತಳವಾರಘಟ್ಟದ ದೋಣಿ ನಿಲ್ಲುತ್ತೆ, ಹೊಳೆ ನಡುವಿನ ನವವೃಂದಾವನ ಗಡ್ಡೆಗೆ ಹೋಗುವ ದಾರಿಯೇ ಇಲ್ಲ. ದೂರದಿಂದ ಬಂದವರು ದಂಡೆ ಮೇಲೆ ನಿಂತು ಕೈ ಮುಗಿದು ಹೋಗಬೇಕು. ಹೊರಡುವ ಮುಂಚೆ ಡ್ಯಾಮಿನ ಹೊರಹರಿವು ಎಷ್ಟಿದೆ ಅಂತ ಅಂದಿನ ಪೇಪರ್ ನೋಡಿ. ಕಡೇಬಾಗಿಲು–ಬುಕ್ಕಸಾಗರ ಸೇತುವೆ ಬಳಸಿ ಹಂಪಿಗೆ ಹೋಗಬಹುದು, ಗಡ್ಡೆಗೆ ಮಾತ್ರ ದೋಣಿಯೇ ಗತಿ.

ಫಾಲ್ಗುಣದಲ್ಲಿ ನೀರು ಕಡಿಮೆ, ಬಿಸಿಲು ಇನ್ನೂ ಪೂರ್ತಿ ಏರಿರುವುದಿಲ್ಲ. ಹೋಳಿ ಹುಣ್ಣಿಮೆ ಆಗಿ ನಾಲ್ಕನೇ ದಿನ, ಫಾಲ್ಗುಣ ಬಹುಳ ಚೌತಿ, ವ್ಯಾಸರಾಜರ ಆರಾಧನೆ. ವ್ಯಾಸರಾಜರು 1539ರಲ್ಲಿ ವೃಂದಾವನಸ್ಥರಾದವರು. ಗಡ್ಡೆಯಲ್ಲಿ ಒಂಬತ್ತು ಯತಿಗಳ ವೃಂದಾವನಗಳಿವೆ, ನಡುವೆ ಇರುವುದು ಅವರದು, ಸುತ್ತ ಎಂಟು. ಹೋಳಿ ದಿನ ಹಂಪಿಯಲ್ಲಿ ಬಣ್ಣದ ಗಲಾಟೆ ಮಕ್ಕಳಿಗೆ ಹಬ್ಬ, ದೊಡ್ಡವರಿಗೆ ತಲೆನೋವು. ಹುಣ್ಣಿಮೆ ದಾಟಿಸಿ ಬನ್ನಿ. ಅದೇ ಫಾಲ್ಗುಣದಲ್ಲಿ ಕನಕಗಿರಿಯಲ್ಲಿ ಕನಕಾಚಲಪತಿ ಜಾತ್ರೆ, ಗರುಡೋತ್ಸವ, ಮಹಾರಥೋತ್ಸವ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಗಾದೆಯೇ ಇದೆಯಲ್ಲ, ವಯಸ್ಸಾದವರಿಗೆ ಅದು ಅಕ್ಷರಶಃ ನಿಜ. ಹಂಪಿಯಲ್ಲಿ ದಿನಕ್ಕೆ ಎಂಟು ಕಿಲೋಮೀಟರ್ ನಡೆಯಬೇಕಾಗುತ್ತೆ, ಕನಕಗಿರಿಯಲ್ಲಿ ಗುಡಿ ಊರೊಳಗೇ ಇದೆ. ಅಲ್ಲಿಗೆ ಹೋದರೆ ವೆಂಕಟಪ್ಪನಾಯಕನ ಬಾವಿ ನೋಡದೇ ಬರಬೇಡಿ.

ಕೊಪ್ಪಳದಿಂದ ಆನೆಗೊಂದಿಗೆ ಗಂಗಾವತಿ ಸುತ್ತುವ ಬದಲು ಹುಲಿಗಿ, ಶಿವಪುರ, ಸಾಣಾಪುರ ದಾರಿ ಹಿಡಿಯಿರಿ. ಭತ್ತದ ಗದ್ದೆ, ಬಂಡೆಗುಡ್ಡಗಳ ನಡುವಿನ ದಾರಿ. ಆದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಹುಲಿಗೆಮ್ಮನ ಭಕ್ತರ ಗಾಡಿಗಳಿಂದ ಹುಲಿಗಿ ದಾಟುವುದೇ ಕಷ್ಟ. ಆ ದಿನಗಳನ್ನು ಬಿಟ್ಟು ಇಟ್ಟುಕೊಳ್ಳಿ.

ಅಂಜನಾದ್ರಿಗೆ 575 ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು, ಹತ್ತು ಗಂಟೆ ದಾಟಿದರೆ ಕಲ್ಲು ಕಾದು ಇಳಿಯುವಾಗ ಅಂಗಾಲು ಸುಡುತ್ತೆ. ಬೆಳಗ್ಗೆ ಆರಕ್ಕೆ ಹತ್ತಿ ಎಂಟಕ್ಕೆ ಇಳಿದುಬಿಡಿ. ನೀರಿನ ಬಾಟಲಿ, ಬಾಳೆಹಣ್ಣು ಕೈಯಲ್ಲಿ ಹಿಡಿದು ಹೋದರೆ ಕೋತಿಗಳು ಬಿಡುವುದಿಲ್ಲ, ಬೆನ್ನಿನ ಚೀಲದಲ್ಲಿ ಇರಲಿ. ಹತ್ತಲಾರದವರನ್ನು ಪಂಪಾ ಸರೋವರದ ಹತ್ತಿರ ಕೂರಿಸಿ. ಮಾರ್ಗಶಿರ ಶುದ್ಧ ತ್ರಯೋದಶಿಗೆ, ಡಿಸೆಂಬರ್ ಸುಮಾರಿಗೆ, ಹನುಮಮಾಲೆ ವಿಸರ್ಜನೆ. ಅವತ್ತು ಮಾಲೆ ಹಾಕಿದವರಿಗೇ ಬೆಟ್ಟ ಸಾಲದು, ನೋಡಲು ಬರುವವರು ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಚೈತ್ರ ಹುಣ್ಣಿಮೆಗೆ ಹಂಪಿಯಲ್ಲಿ ವಿರೂಪಾಕ್ಷನ ಜೋಡಿ ರಥೋತ್ಸವ. ಎರಡು ತೇರು ಒಂದರ ಹಿಂದೆ ಒಂದು ಎದುರು ಬಸವಣ್ಣನ ಕಡೆ ಸಾಗುವುದನ್ನು ನೋಡಬೇಕು. ನನ್ನ ಪ್ರಕಾರ ವರ್ಷದಲ್ಲಿ ಹಂಪಿ ಊರಾಗಿ ಕಾಣುವುದು ಅವತ್ತು. ಆದರೆ ಏಪ್ರಿಲ್ ಬಿಸಿಲು; ಹಗಲು ಸ್ಮಾರಕ ನೋಡುವ ಯೋಜನೆ ಕೈಬಿಟ್ಟು ಸಂಜೆಗಷ್ಟೇ ಬಂದರೆ ಸರಿ.

ದೋಆಬ್ ಉತ್ತರ:

ಎಲ್ಲರೂ ತಿಥಿಯ ಹಬ್ಬಗಳನ್ನೇ ಹೇಳಿದ್ದೀರಿ. ರಾಯಚೂರು ಜಿಲ್ಲೆಯ ಮುದಗಲ್ ಮೊಹರಂ ಪಟ್ಟಿಯಲ್ಲಿ ಇಲ್ಲದಿದ್ದರೆ ಪಟ್ಟಿ ಅರ್ಧ. ಅದರ ಲೆಕ್ಕ ಬೇರೆ: ಅಲ್ಲಿ ಅಧಿಕ ಮಾಸ ಇಲ್ಲ, ಪ್ರತಿ ವರ್ಷ 10–11 ದಿನ ಹಿಂದೆ ಸರಿಯುತ್ತಲೇ ಹೋಗುತ್ತೆ. ಹತ್ತನೇ ದಿನ 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಚಂದ್ರ ಕಂಡ ಮೇಲೆ ಎಣಿಕೆ, ಹಾಗಾಗಿ ಒಂದು ದಿನ ಆಚೀಚೆ ಅಂತ ಇಟ್ಟುಕೊಂಡೇ ರೂಮು ಹಿಡಿಯಿರಿ. ಮುದಗಲ್‌ನಲ್ಲಿ ಉಳಿಯಲು ಜಾಗ ಕಡಿಮೆ, ಲಿಂಗಸುಗೂರಿನಲ್ಲಿ ಇರುವುದು ಸುಲಭ.

ಹೊರಗಿನವರು ಮಾಡುವ ತಪ್ಪು, ಹತ್ತನೇ ದಿನ ಮಧ್ಯಾಹ್ನ ಬರುವುದು. ಹುಸೇನಿ ಆಲಂ ದರ್ಗಾದ ಸುತ್ತ ನಿಜವಾದ ಕಳೆ ಇರುವುದು ಒಂಬತ್ತನೇ ದಿನದ ರಾತ್ರಿ, ಕತಲ್ ರಾತ್ರಿ. ಅಲಾಯಿ ಕುಣಿಯಲ್ಲಿ ಬೆಂಕಿ, ಸುತ್ತ ಹೆಜ್ಜೆ ಕುಣಿತ, ಹಲಗೆ, ಪಂಜಾ (ಹಸ್ತದ ಆಕಾರದ ಅಲಾಯಿ ದೇವರು) ಹೊತ್ತವರು, ಹರಕೆ ಹೊತ್ತು ಫಕೀರರಾದವರು. ಅವರಲ್ಲಿ ಅರ್ಧಕ್ಕರ್ಧ ಹಿಂದೂಗಳೇ ಇರುತ್ತಾರೆ, ಯಾರ ಹಬ್ಬ ಅಂತ ಕೇಳಿದರೆ ಊರ ಹಬ್ಬ ಅನ್ನುತ್ತಾರೆ. ಚೊಂಗೆ (ಮೊಹರಂನ ಸಿಹಿ ರೊಟ್ಟಿ) ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಇದು ಶೋಕದ ಆಚರಣೆ ಅನ್ನುವುದು ಮನಸ್ಸಿನಲ್ಲಿರಲಿ: ಪಂಜಾ ಮುಂದೆ ಬೆನ್ನು ತಿರುಗಿಸಿ ಸೆಲ್ಫಿ ಬೇಡ, ಡ್ರೋನ್ ಬೇಡ. ಕುಣಿಯ ಅಂಚಿನಲ್ಲಿ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕಿಕೊಂಡು ನಿಲ್ಲಬೇಡಿ, ಕಿಡಿ ಹಾರುತ್ತೆ. ಹತ್ತಿ ಬಟ್ಟೆ ಇರಲಿ.

ಹಗಲು ಮುದಗಲ್ ಕೋಟೆ, ಕಂದಕ. ದಾರಿ ತಿರುಗಿಸಿದರೆ ಮಸ್ಕಿ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನುವ ರಾಜ ಅಶೋಕನೇ ಅನ್ನುವುದು ಗಟ್ಟಿಯಾದದ್ದು 1915ರಲ್ಲಿ ಅಲ್ಲಿ ಸಿಕ್ಕ ಶಾಸನದಿಂದ, ಅದರಲ್ಲಿ ಅವನ ಹೆಸರು ನೇರವಾಗಿ ಇದೆ. ಗವಿಮಠದ ಶಾಸನ ನೋಡಿದವರು ಇದನ್ನೂ ನೋಡಿದರೆ ಎರಡಕ್ಕೂ ಅರ್ಥ ಬರುತ್ತೆ.

ಹಂಪಿ ಉತ್ಸವದ ಬಗ್ಗೆ: ಅದನ್ನು ನಂಬಿ ಟಿಕೆಟ್ ಮಾಡಬೇಡಿ. ಅದಕ್ಕೆ ತಿಥಿಯೂ ಇಲ್ಲ, ತಾರೀಖೂ ಇಲ್ಲ. ಹಿಂದೆ ನವೆಂಬರ್ 3ರಿಂದ 5 ಅಂತಿತ್ತು. 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರುವರಿ ಮೊದಲಿಗೆ, 2025ರಲ್ಲಿ ಫೆಬ್ರುವರಿ ಕೊನೆಗೆ ಹೋಯಿತು. ಆನೆಗೊಂದಿ, ಕನಕಗಿರಿ ಉತ್ಸವಗಳದ್ದೂ ಅದೇ ಕಥೆ, ಕೆಲವು ವರ್ಷ ನಡೆಯುವುದೇ ಇಲ್ಲ. ಘೋಷಣೆ ಆದಾಗ ಊರಿನಲ್ಲೇ ಇರುವ ನಾವು ಗಾಡಿ ಹತ್ತಿ ಹೋಗಬಹುದು. ಮೈಸೂರಿನವರಿಗೆ ಅದು ಆಗದ ಮಾತು. ಉತ್ಸವದ ಮೂರು ದಿನ ಹೊಸಪೇಟೆ, ಕಮಲಾಪುರದಲ್ಲಿ ರೂಮು ಸಿಗುವುದಿಲ್ಲ, ಗಾಡಿಯನ್ನು ದೂರದಲ್ಲೇ ನಿಲ್ಲಿಸುತ್ತಾರೆ. ರಾತ್ರಿ ಕಾರ್ಯಕ್ರಮ ಬೇಕೆನ್ನುವ ಹುಡುಗರಿಗೆ ಚೆನ್ನಾಗಿದೆ, ಸ್ಮಾರಕ ನೋಡುವವರಿಗೆ ಅಲ್ಲ.

ಗವಿಗುಡ್ಡದ ಕೆಳಗೆ:

ದೋಆಬ್ ಅವರ ಮಾತಿಗೆ ನನ್ನದೂ ಒಪ್ಪಿಗೆ. ಇನ್ನೊಂದು ಹೊಳೆಯಿತು. ಗವಿಮಠದ ದಾಸೋಹ ಮುಗಿಯುವುದು ಪುಷ್ಯ ಅಮಾವಾಸ್ಯೆಗೆ, ಪುರಂದರದಾಸರ ಆರಾಧನೆಯೂ ಅದೇ ಪುಷ್ಯ ಅಮಾವಾಸ್ಯೆಗೆ. 2027ಕ್ಕೆ ಅದು ಫೆಬ್ರುವರಿ 6ರ ಸುಮಾರು, ಶನಿವಾರ ಬೀಳುತ್ತೆ. ತೇರು ಬಿಟ್ಟರೂ ಅಡ್ಡಿಯಿಲ್ಲ ಅನ್ನುವುದಾದರೆ ನಿಮ್ಮ ಮೂರು ದಿನ ಹೀಗಿರಲಿ: ಗುರುವಾರ ರಾತ್ರಿ ಕೊಪ್ಪಳ. ಶುಕ್ರವಾರ ಬೆಳಗ್ಗೆ ಶಾಸನ, ಗವಿಮಠ, ದಾಸೋಹದಲ್ಲಿ ಊಟ, ಸಂಜೆ ಕಿನ್ನಾಳಕ್ಕೆ ಹೋಗಿ ಗೊಂಬೆ ಮಾಡುವುದು ನೋಡುವುದು. ಶನಿವಾರ ಹಂಪಿ: ಮೊದಲು ವಿಜಯವಿಠ್ಠಲ ದೇವಸ್ಥಾನ, ಅಲ್ಲಿಂದ ಹೊಳೆ ದಂಡೆಯ ಪುರಂದರ ಮಂಟಪ ಹತ್ತಿರವೇ. ವಿಠ್ಠಲ ದೇವಸ್ಥಾನಕ್ಕೆ ತೆಗೆದುಕೊಂಡ ಟಿಕೆಟ್ ಅದೇ ದಿನ ಕಮಲಮಹಲ್ ಆವರಣಕ್ಕೂ ನಡೆಯುತ್ತೆ, ಚೀಟಿ ಎಸೆಯಬೇಡಿ. ಭಾನುವಾರ ಆನೆಗೊಂದಿ, ನವವೃಂದಾವನ. ಚಳಿ ಇನ್ನೂ ಇರುತ್ತೆ, ಹೊಳೆ ಇಳಿದಿರುತ್ತೆ.

ಕಮಲಾಪುರದ ಮ್ಯೂಸಿಯಂ ಶುಕ್ರವಾರ ರಜೆ, ಈ ಲೆಕ್ಕದಲ್ಲಿ ಅದೂ ತಪ್ಪುವುದಿಲ್ಲ.

ಪಾಲ್ಕಿಗುಂಡು:

ಇದೇ ಗಟ್ಟಿ ಮಾಡಿದೆ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ತಿಥಿ ನೋಡಿ ಇಲ್ಲೇ ಹಾಕುತ್ತೇನೆ. ಜೋಳ ಬೀಸಿಸುವುದು ಬುಧವಾರ.

ಕಡಕ್ ರೊಟ್ಟಿ:

ಬುಧವಾರ ಬೀಸಿಸಿದ್ರ ಗುರುವಾರ ಮುಂಜಾನೆನ ಬಡೀರಿ. ಎಂಟು ಮಂದಿ ಮನೀಗೆ ಬಂದ ಮ್ಯಾಲೆ ಒಲಿ ಖಾಲಿ ಸಿಗೂದಿಲ್ಲ.